ಷರಾ

ಬೈತಖೋಲ ಬಂದರಿನ ಕಚೇರಿಯಲ್ಲಿ ವಯರ್‌ಲೆಸ್ ಸೆಟ್ಟಿನ ಪಕ್ಕ
ಗುಲಾಬಿ ಬಾನಾವಳಿ ಕೆಂಪು ಗೀಟು ಹಾಕಿಟ್ಟ ರಿಜಿಸ್ಟರು:
ವೇಳೆ, ದೋಣಿ, ಎಲ್ಲಿಂದ, ಏನು.
ಅಂಚಿನಲ್ಲಿ ಎರಡು ಬೆರಳಗಲ, ಷರಾ.

ಅದೇ ಮೇಜಿನಡಿಯ ಗೂಡಿನಲ್ಲಿ ನಮ್ಮ ಪೆಟ್ಟಿಗೆ.
ಭರತ ಇಳಿತ ಅಳೆಯುವ ಕೋಲಿನಿಂದ ಬಂದ ಅಂಕಿಗಳನ್ನು
ಗುಡ್ಡದ ಮೇಲಿನ ತಟ್ಟೆಗೆ ದಾಟಿಸುವುದು ಅದರ ಕೆಲಸ.
ಅದರ ನೆಟ್‌ವರ್ಕ್ ಕಾರ್ಡಿಗೆ ಡ್ರೈವರ್ ಬರೆದವಳು ನಾನು,
ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ, ಫ್ಯಾನಿನ ಕೆಳಗೆ,
ಸಮುದ್ರಕ್ಕೆ ಬೆನ್ನು ಮಾಡಿ.

ತಪ್ಪಾದರೆ ಅದು ಏನು ಹೇಳಬೇಕು ಎಂದು ನಾನು ಯೋಚಿಸಿದ್ದು
ಕಟ್ಟಕಡೆಗೆ, ಒಂದು ಸಂಜೆ, ಚಹಾ ಆರುವಷ್ಟು ಹೊತ್ತು.
‘ಏನೋ ಎಡವಟ್ಟಾಗಿದೆ’ ಎಂದು ಬರೆದೆ.
ಹದಿನೇಳು ಕಡೆ, ಅದನ್ನೇ.

ಆಗಸ್ಟಿನ ಒಂದು ರಾತ್ರಿ ತಂತಿಯ ತುದಿಗೆ ಉಪ್ಪು ಕಟ್ಟಿತು.
ಲಿಂಕ್ ಬಿತ್ತು. ಎದ್ದಿತು. ಬಿತ್ತು. ಎದ್ದಿತು.
ಬಿದ್ದಾಗೊಮ್ಮೆ ಎದ್ದಾಗೊಮ್ಮೆ ನನ್ನ ಡ್ರೈವರ್ ಬೊಬ್ಬೆ ಹೊಡೆಯಿತು
ಒಂದೇ ದನಿಯಲ್ಲಿ, ಒಂದೇ ಸಾಲನ್ನು.
ಲಾಗಿಗೆ ನಾನು ಕೊಟ್ಟದ್ದು ಅಂಗೈಯಗಲದ ಪಾಟಿ,
ತುಂಬಿದರೆ ಮೊದಲಿನದನ್ನು ಒರೆಸಿ ಅಲ್ಲೇ ಬರೆಯುವಂಥದ್ದು.
ಆ ಗದ್ದಲದ ನಡುವೆ, ಒಂದೇ ಒಂದು ಸಲ,
ಬೇರೆಯದೇ ಮಾತೊಂದು ಬಂದಿರಬೇಕು
(ಎರಡನೆಯ ಕ್ಯೂ ಕಟ್ಟಿಕೊಂಡಿದೆ, ಹೊರಟದ್ದು ಹೋಗುತ್ತಿಲ್ಲ).
ಒರೆಸಿಹೋಯಿತು.

ಯಾರೂ ಸಾಯಲಿಲ್ಲ.
ಒಂಬತ್ತು ತಾಸಿನ ಸಮುದ್ರ
ಯಾವ ಲೆಕ್ಕಕ್ಕೂ ಸಿಗದೆ ಬಂದು ಹೋಯಿತು, ಅಷ್ಟೇ.

ಮೂರು ಗಂಟೆಗೆ ಉಲ್ಲಾಸ ಹರಿಕಂತ್ರನ ಫೋನು.
ಹಲ್ಲಲ್ಲಿ ಟಾರ್ಚು ಕಚ್ಚಿಕೊಂಡಿದ್ದ, ಮಾತು ಒದ್ದೆ:
‘ಎಡವಟ್ಟಾಗಿದೆ ಅಂತ ನಂಗೂ ಗೊತ್ತುಂಟು ಬಾಯೀ,
ಅದಕ್ಕೇ ಬಂದದ್ದು.’

ಮರುದಿನ ಗುಲಾಬಿಯ ಮೇಜಿಗೆ ಮೊಣಕೈ ಊರಿ ಕೂತೆ.
‘ಕಡಲ ಮೇಲಿದ್ದವರೆಲ್ಲ ಕೂಗ್ತಾರೆ.
ಕೂಗು ಬರೆಯಲಿಕ್ಕೆ ಕಾಲಂ ಇಲ್ಲ ನನ್ನ ಹತ್ರ.
ಯಾರು, ಎಲ್ಲಿ, ಕಿತೆಂ ಜಾಲೆಂ?’
ಪುಟ ತಿರುವಿದಳು. ಒಂದು ದೋಣಿ ಒಂದು ರಾತ್ರಿ ಬಿಡದೆ ಕರೆದಿತ್ತು.
ಮೊದಲ ಸಾಲು ಪೂರ್ತಿ. ಅದರ ಕೆಳಗೆ:
ಮೇಲಿನಂತೆ, ೨೬ ಸಲ, ೪.೧೦ರ ತನಕ.
ಅದಕ್ಕೂ ಕೆಳಗೆ ಬೇರೆ ದೋಣಿಗೆ ಜಾಗ ಉಳಿದಿತ್ತು.

‘ಎಂಜಿನ್ ಕೆಟ್ಟಿದೆ ಅಂತ ಬರೆದಿಲ್ಲವಲ್ಲ?’
‘ಎಂಜಿನ್ ನಾ ಕಂಡಿಲ್ಲ. ಹೊಗೆ ಅಂದ, ಹೊಗೆ ಅಂತ ಬರೆದೆ.’

ಕೋಣೆಗೆ ಬಂದು ಹದಿನೇಳನ್ನೂ ಕಿತ್ತೆ.
ಯಾವ ಕಾರ್ಡು, ಯಾವ ಪೋರ್ಟು, ಯಾವ ರಿಜಿಸ್ಟರಿನಲ್ಲಿ
ಏನಿರಬೇಕಿತ್ತು, ಏನಿತ್ತು.
ಚಿಪ್ಪಿನೊಳಗಿನದಕ್ಕೂ ರಿಜಿಸ್ಟರೆಂದೇ ಹೆಸರು;
ಐದು ವರ್ಷ ಆ ಪದ ಟೈಪು ಮಾಡಿದ್ದೆ,
ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ.
ಕಿರುಚುವುದರಿಂದ ಗೊಣಗುವುದರ ತನಕ ಎಂಟು ಮೆಟ್ಟಿಲು:
ಮಳೆಗಾಲದಲ್ಲಿ ಲಿಂಕ್ ಬೀಳುವುದನ್ನು ಇಳಿಸಿ ಇಳಿಸಿ
ಕೆಳಗಿನಿಂದ ಮೂರನೆಯದರಲ್ಲಿ ಕೂರಿಸಿದೆ.
ಕ್ಯೂ ಕಟ್ಟಿಕೊಂಡರೆ ಮಾತ್ರ ಮೇಲೆ ಹತ್ತಲಿ,
ಅದರ ಸಾಲಿಗೆ ಬೇರೆಯೇ ಪಾಟಿ.
ಒಂದೇ ಮಾತು ಮರಳಿ ಬಂದರೆ ಎಣಿಸು, ಆಡಬೇಡ.

‘ಉಪ್ಪು ಹಿಡಿದಿದೆ, ಒರೆಸಿ ಅಂತ ಹೇಳಿಸಲಿಕ್ಕಾಗೂದಿಲ್ವ?’ ಉಲ್ಲಾಸ ಕೇಳಿದ.
ಆಗುವುದಿಲ್ಲ ಮಾರಾಯ. ಡ್ರೈವರ್ ಉಪ್ಪು ಕಂಡಿಲ್ಲ.
ಕಂಡದ್ದು ಮೊತ್ತ ಹೊಂದದ ಪ್ಯಾಕೆಟ್ಟುಗಳು, ೩೧೧೮.
ಅಷ್ಟನ್ನೇ ಹೇಳುತ್ತದೆ.
ಅವನಿಗೆ ಸಮಾಧಾನವಾಗಲಿಲ್ಲ. ನನಗೂ.

ಸೆಪ್ಟೆಂಬರಿನಲ್ಲಿ ಮತ್ತೆ ಗಾಳಿ. ಬೆಳಿಗ್ಗೆ ಲಾಗು ತೆರೆದರೆ
ಪೋರ್ಟ್ ಎರಡು, ಲಿಂಕ್ ಬಿದ್ದಿದೆ, ೨.೪೦.
ಮೇಲಿನಂತೆ, ೯೦೪ ಸಲ, ೩.೨೫ರ ತನಕ.
ಆಮೇಲೆ ಏನೂ ಇಲ್ಲ.
ಏಕೆ ನಿಂತಿತೆಂದು ನನ್ನ ಲಾಗಿಗೆ ಗೊತ್ತಿಲ್ಲ.

ಬಂದರಿಗೆ ಹೋದೆ. ಗುಲಾಬಿಯ ಪುಟದಲ್ಲಿ ಆ ರಾತ್ರಿ
ದೋಣಿಯ ಕಾಲಮ್ಮಿನಲ್ಲಿ ‘ಪೆಟ್ಟಿಗೆ’ ಎಂದು ಬರೆದಿತ್ತು.
ಷರಾದಲ್ಲಿ: ತಂತಿಗೆ ಉಪ್ಪು. ಉಲ್ಲಾಸ ಒರೆಸಿದ, ಲುಂಗಿಯಿಂದ.
ನಡುವೆ ಪೆನ್ನು ಮುಗಿದು
‘ಲುಂಗಿಯಿಂದ’ ಮಾತ್ರ ಹಸಿರು.